ಕಾಜಕ್ಕ ಕೇಳದ ಪ್ರಶ್ನೆ

ಹೊಲಿಗೆ ಅಂಗಡಿಯ ಕಿಟಕಿ ಪಕ್ಕ ಕೂತು ದಿನಕ್ಕೆ ಹತ್ತು ಹನ್ನೆರಡು ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಯಾರೂ ಆ ಹೆಸರಿನಿಂದ ಕರೆಯದೆ ಅದು ಪೆಟ್ಟಿಗೆ ಸೇರಿತ್ತು. ಕೇರಿಗೆಲ್ಲ ಅವಳು ಕಾಜಕ್ಕ. ವಯಸ್ಸು ಐವತ್ತೆರಡು. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದರೂ ಬಾಯಿ ಮಾತ್ರ ನಾಲ್ಕು ಜನರದ್ದು.

ಶನಿವಾರ ಮಧ್ಯಾಹ್ನ ಮಾತ್ರ ಅವಳು ಸೂಜಿ ಕೆಳಗಿಡುತ್ತಿದ್ದಳು. ಅಪ್ಪ ಅಮ್ಮ ಇಲ್ಲದೆ ಅಜ್ಜಿಯ ಹತ್ತಿರವೋ ಚಿಕ್ಕಪ್ಪನ ಹತ್ತಿರವೋ ಬೆಳೆಯುವ ಮಕ್ಕಳನ್ನು ನೋಡಿಕೊಳ್ಳಲು ಕೇರಿಯವರೇ ಸೇರಿ ಒಂದು ಆಸರೆ ಕೇಂದ್ರ ನಡೆಸುತ್ತಿದ್ದರು. ಅಲ್ಲಿ ಕೆಲಸಕ್ಕೆ ಬರುವ ಒಬ್ಬೊಬ್ಬರಿಗೂ ಎರಡು ಮೂರು ಮನೆ. ವಾರಕ್ಕೊಮ್ಮೆ ಹೋಗಬೇಕು, ಮಗು ಉಂಡಿತೇ, ಶಾಲೆಗೆ ಹೋಯಿತೇ, ಮೈಮೇಲೆ ಗಾಯವಿದೆಯೇ ನೋಡಬೇಕು. ಮೂರು ತಿಂಗಳಿಗೊಮ್ಮೆ ಒಂದು ಫಾರಂ ತುಂಬಬೇಕು. ಅದರ ಕೊನೆಯ ಪ್ರಶ್ನೆ ಇದು: ನೋವಾದಾಗ, ಭಯವಾದಾಗ ಮಗು ಮೊದಲು ಯಾರಿಗೆ ಹೇಳುತ್ತದೆ? ಮನೆಯ ಹಿರಿಯರಿಗೆ ಏನಾದರೂ ಹೆಚ್ಚುಕಮ್ಮಿಯಾದರೆ, ಮಗುವನ್ನು ಸದ್ಯಕ್ಕೆ ಕರೆದುಕೊಂಡು ಹೋಗಬೇಕಾದವರು ಆ ಉತ್ತರದಲ್ಲಿ ಹೆಸರಿರುವವರು.

ಕಾಜಕ್ಕನ ಪಾಲಿಗೆ ಬಂದ ಮೂರು ಮನೆಗಳಲ್ಲಿ ಅವಳ ಜೀವವಿದ್ದದ್ದು ಒಂದೇ ಕಡೆ. ಅಲ್ಲಿ ಕಿವಿ ಮಂದವಾದ ಒಬ್ಬ ಅಜ್ಜಿ, ಜೊತೆಗೆ ಹನ್ನೊಂದು ವರ್ಷದ ಮೊಮ್ಮಗಳು. ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದ ಆ ಹುಡುಗಿಗೆ ಕಾಜಕ್ಕ ಮೂರು ವರ್ಷದಿಂದ ತಲೆ ಬಾಚಿದ್ದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದಳು, ಸಮವಸ್ತ್ರದ ಅಂಚು ಬಿಚ್ಚಿ ಬಿಚ್ಚಿ ಉದ್ದ ಮಾಡಿದ್ದಳು. ಕೊನೆಯ ಪ್ರಶ್ನೆಗೆ ಪ್ರತಿಸಲವೂ 'ಕಾಜಕ್ಕ' ಎಂದು ತಾನೇ ಬರೆದಿದ್ದಳು. ಹುಡುಗಿಯನ್ನು ಕೇಳಿದ್ದೇ ಇಲ್ಲ. ಗೊತ್ತಿರುವುದನ್ನು ಯಾರಾದರೂ ಕೇಳುತ್ತಾರೆಯೇ?

ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಗಿ ಎರಡು ತಿಂಗಳು ಮನೆಯಲ್ಲಿ ಕೂತಳು. ಆ ಮನೆಗೆ ಕೇಂದ್ರದ ಮೇಡಂ ಬೇರೊಬ್ಬಳನ್ನು ಕಳಿಸಿದರು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ಇಪ್ಪತ್ತೈದು ದಾಟದ, ಮಾತು ಕಮ್ಮಿಯ ಹೆಣ್ಣು.

ಕಣ್ಣು ನೆಟ್ಟಗಾಗಿ ಬಂದ ಕಾಜಕ್ಕ ಮೊದಲು ನೋಡಿದ್ದೇ ಗುಬ್ಬಿಯ ತಲೆಯನ್ನು. ತಾನು ಎರಡು ಜಡೆ ಹಾಕಿ ಬಿಟ್ಟುಹೋದ ತಲೆಯಲ್ಲಿ ಈಗ ಒಂದೇ ಜಡೆ.

"ಯಾರೇ ಹಾಕಿದ್ದು ಇದು?"

"ನಾನೇ ಹಾಕ್ಕೊಂಡೆ. ಲ್ಯಾಬ್ ಅಕ್ಕ ಹೇಳಿಕೊಟ್ರು."

ಕಾಜಕ್ಕನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮೂರು ವರ್ಷದ ಬಾಚಣಿಗೆ ಕೆಲಸಕ್ಕೆ ಎರಡೇ ತಿಂಗಳಲ್ಲಿ ಮಂಗಳ ಹಾಡಿದಳಲ್ಲ! ಅವತ್ತಿನಿಂದ ಅಂಗಡಿಯಲ್ಲಿ ಅವಳಿಗೆ ಬೇರೆ ಮಾತೇ ಇಲ್ಲ. "ನಂದೂ ಸೂಜಿ ಕೆಲಸ, ಅವಳದ್ದೂ ಸೂಜಿ ಕೆಲಸ. ನಾನು ಹೊಲೀತೀನಿ, ಅವಳು ಚುಚ್ಚಿ ರಕ್ತ ಹೀರ್ತಾಳೆ. ಅಷ್ಟೇ ವ್ಯತ್ಯಾಸ," ಎಂದು ಎಲ್ಲರನ್ನೂ ನಗಿಸಿದಳು. ತಾನು ಮಾತ್ರ ನಗಲಿಲ್ಲ.

ಲ್ಯಾಬಿನವಳು ತುಂಬಿದ ಫಾರಂ ನೋಡಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಕೊನೆಯ ಪ್ರಶ್ನೆಯ ಮುಂದೆ 'ಮಗು ಇನ್ನೂ ಹೇಳಿಲ್ಲ' ಎಂದಿತ್ತು. "ಎರಡು ತಿಂಗಳು ಓಡಾಡಿ ಒಂದು ಹೆಸರು ತುಂಬೋಕಾಗ್ಲಿಲ್ಲ ಮಹಾತಾಯಿಗೆ," ಎಂದು ಮೂಗು ಮುರಿದು, ಅದನ್ನು ಹೊಡೆದು ಹಾಕಿ ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹೀಗೆಯೇ.

ಮುಂದಿನ ತಿಂಗಳು ಅಜ್ಜಿ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಏನಿಲ್ಲವೆಂದರೂ ಒಂದು ತಿಂಗಳು ಇರಬೇಕೆಂದರು. ಫಾರಂ ನೋಡಿ ಮೇಡಂ ಅಂಗಡಿಗೆ ಫೋನ್ ಮಾಡಿದಾಗ ಕಾಜಕ್ಕ ಅರ್ಧ ಕಾಜಾದಲ್ಲಿ ಅಂಗಿ ಬಿಟ್ಟು ಓಡಿದಳು. ಅಜ್ಜಿಗೆ ಹೀಗಾಯಿತಲ್ಲ ಎಂಬ ದುಃಖ ಇತ್ತು, ಸುಳ್ಳಲ್ಲ. ಆದರೆ ಕಾಲಿಗೆ ಆ ವೇಗ ಕೊಟ್ಟದ್ದು ದುಃಖವಲ್ಲ. ಗುಬ್ಬಿ ತನ್ನ ಮನೆಗೆ ಬರುತ್ತಾಳೆ, ಆ ಲ್ಯಾಬಿನವಳು ನೋಡುತ್ತ ನಿಲ್ಲುತ್ತಾಳೆ ಎಂಬ ಖುಷಿ.

ಕೇಂದ್ರದ ಬೆಂಚಿನ ಮೇಲೆ ಲ್ಯಾಬಿನವಳೂ ಕೂತಿದ್ದಳು. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿ ಬಂದಿದ್ದವಳು ಅವಳೇ.

"ನಿನಗ್ಯಾರಮ್ಮ ಹೇಳಿದ್ದು?" ಎಂದಳು ಕಾಜಕ್ಕ.

"ಗುಬ್ಬಿ ಲ್ಯಾಬಿಗೆ ಓಡಿ ಬಂದ್ಲು ಅಕ್ಕ."

ಲ್ಯಾಬು ಎರಡು ಬೀದಿಯಾಚೆ. ಹೊಲಿಗೆ ಅಂಗಡಿ ಗುಬ್ಬಿಯ ಮನೆಯ ಬೀದಿಯ ಮೂಲೆಯಲ್ಲೇ. ಕಾಜಕ್ಕ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

ಮಗುವನ್ನು ಯಾರ ಜೊತೆಗಾದರೂ ಕಳಿಸುವ ಮುಂಚೆ ಒಳಗೆ ಕರೆದು ಅದರ ಬಾಯಿಂದಲೇ ಕೇಳುವುದು ಮೇಡಂ ಪದ್ಧತಿ. ಹತ್ತು ನಿಮಿಷಕ್ಕೆ ಅವರು ಹೊರಗೆ ಬಂದರು.

"ಕಾಜಕ್ಕ, ಗುಬ್ಬಿ ಲ್ಯಾಬ್ ಅಕ್ಕನ ಜೊತೆ ಹೋಗ್ತೀನಿ ಅಂತಿದಾಳೆ. ಫಾರಮಲ್ಲಿ ನಿಮ್ಮ ಹೆಸರಿದೆ. ನೀವು ಅವಳನ್ನ ಕೇಳಿ ತಾನೇ ಬರೆದಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಕಾಜಕ್ಕ ಸೆರಗು ಸರಿಮಾಡಿಕೊಂಡಳು. "ಅದೇನ್ ಕೇಳೋದು ಮೇಡಂ, ಮೂರು ವರ್ಷದಿಂದ..." ಮೇಡಂ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೂವರೂ ಅಜ್ಜಿಯ ಮನೆಗೆ ಬಂದಾಗ ಗುಬ್ಬಿಯ ಬಟ್ಟೆ ಮಡಚಿ ಚೀಲಕ್ಕೆ ತುಂಬಿದ್ದು ಕಾಜಕ್ಕನೇ. ತುಂಬುವಾಗ ಒಂದು ವಿಷಯ ನೆನಪಾಯಿತು. ಬಾಗಿಲು ಪೂರ್ತಿ ಮುಚ್ಚಿದರೆ ಈ ಹುಡುಗಿಗೆ ನಿದ್ದೆ ಬರುವುದಿಲ್ಲ, ಅಮ್ಮ ತೀರಿಕೊಂಡ ದಿನದಿಂದ ಹಾಗೆ. ಅಜ್ಜಿ ಅದನ್ನು ಕಾಜಕ್ಕನಿಗೆ ಗುಟ್ಟಾಗಿ ಹೇಳಿದ್ದಳು. ಲ್ಯಾಬಿನವಳಿಗೆ ಹೇಳಲೇಬಾರದು, ಪರದಾಡಲಿ ಎಂದುಕೊಂಡಳು. ಮಗು ಅತ್ತರೆ ನನ್ನ ಹತ್ತಿರವೇ ಬರಬೇಕು ತಾನೇ? ಚೀಲ ಕೊಟ್ಟು ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಲ್ಲಿ ತನ್ನ ಬಗ್ಗೆ ತನಗೇ ಹೇಸಿಗೆಯಾಗಿ, ಏದುಸಿರು ಬಿಡುತ್ತ ಮತ್ತೆ ಹತ್ತಿ ಬಂದಳು.

"ನೋಡಮ್ಮ, ಮಲಗೋವಾಗ ಬಾಗಿಲು ಒಂಚೂರು ತೆಗೆದಿಡು. ಅವಳಿಗೆ..."

"ಗೊತ್ತಕ್ಕ," ಎಂದಳು ಲ್ಯಾಬಿನವಳು ಮೆಲ್ಲಗೆ. "ಅವಳೇ ಹೇಳಿದಾಳೆ."

ಕಾಜಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಗುಬ್ಬಿಯ ಕಡೆ ತಿರುಗಿದಳು. "ನಂಗ್ಯಾಕೆ ಹೇಳ್ಲಿಲ್ಲ ಕಣೇ? ನಾನೇನು ನಿಂಗೆ ಕಮ್ಮಿ ಮಾಡ್ದೆ?"

ಗುಬ್ಬಿ ಚೀಲದ ಹಿಡಿಯನ್ನು ತಿರುವುತ್ತ ನಿಂತಳು. "ನೀವೇನೂ ಕಮ್ಮಿ ಮಾಡಿಲ್ಲ ಕಾಜಕ್ಕ. ನಿಮಗೆ ಏನಾದ್ರೂ ಹೇಳಿದ್ರೆ ನೀವು ಅಳ್ತೀರ. ಆಮೇಲೆ ನಾನೇ ನಿಮ್ಮನ್ನ ಸಮಾಧಾನ ಮಾಡ್ಬೇಕು."

ಇದು ನಿಜ. ಜ್ವರ ಬಂದಾಗ, ಶಾಲೆಯಲ್ಲಿ ಯಾರೋ ಅನಾಥೆ ಎಂದಾಗ, ಅಮ್ಮನ ಫೋಟೋ ಹರಿದಾಗ, ಮೊದಲು ಗೋಳೋ ಎಂದು ಅತ್ತದ್ದು ಕಾಜಕ್ಕ. ನೀರು ತಂದುಕೊಟ್ಟದ್ದು ಗುಬ್ಬಿ.

ಈಗಲೂ ಕಣ್ಣು ತುಂಬಿ ಬಂತು. ಕಾಜಕ್ಕ ಹಲ್ಲು ಕಚ್ಚಿದಳು, ಒಂದು ಸಲ ಜೋರಾಗಿ ಉಸಿರೆಳೆದಳು, ನೆಲದ ಮೇಲೆ ಕೂತು ಹುಡುಗಿಯನ್ನೂ ಪಕ್ಕಕ್ಕೆ ಕೂರಿಸಿಕೊಂಡಳು.

"ನಾನು ಅಳಲ್ಲ. ಅಜ್ಜಿ ಹೇಗೆ ಬಿದ್ರು, ಹೇಳು."

ಗುಬ್ಬಿ ಅನುಮಾನದಿಂದ ಅವಳ ಮುಖ ನೋಡಿದಳು. ಆಮೇಲೆ ಹೇಳಿದಳು. ಅಜ್ಜಿ ಎರಡು ಸಲ ಕೂಗಿದ್ದು, ತಾನು ಕೇಳಿಸಿದರೂ ಏಳದೆ ಹೊದ್ದು ಮಲಗಿದ್ದು, ಮೂರನೇ ಸಲ ಕೂಗು ಬರದೇ ಹೋದದ್ದು. ಅಷ್ಟನ್ನೂ ಕಾಜಕ್ಕ ಒಣಗಿದ ಕಣ್ಣಿನಲ್ಲಿ ಕೇಳಿದಳು. "ನಿದ್ದೆಗಣ್ಣಲ್ಲಿ ಯಾರಾದ್ರೂ ಹಾಗೇ ಮಾಡ್ತಾರೆ. ನಿನ್ನ ತಪ್ಪಲ್ಲ," ಎಂದಳು, ಅಷ್ಟೇ. ಗುಬ್ಬಿ ಅವಳ ತೊಡೆಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಮೂರು ವರ್ಷದಲ್ಲಿ ಆ ಹುಡುಗಿ ಕಾಜಕ್ಕನ ಮುಂದೆ ಅತ್ತದ್ದು ಅದೇ ಮೊದಲು.

ಅತ್ತು ಮುಗಿದ ಮೇಲೆ ಎದ್ದು ಮುಖ ಒರೆಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ಲ್ಯಾಬಿನವಳ ಕೈ ಹಿಡಿದು ಹೊರಟಳು.