ಅಂಗಾಲಿಗೆ ಕೇಳುವ ಹಾಗೆ ವೈರ್ ಜೋಡಿಸುವಾಕೆ

ಬೆಳಗಿನ ಆರು ಗಂಟೆ. ಕಿವಿ ಕೇಳದ ಮಕ್ಕಳ ಶಾಲೆಯ ಸಭಾಂಗಣದಲ್ಲಿ ಇನ್ನೂ ಕಸ ಗುಡಿಸಿಲ್ಲ. ವೇದಿಕೆಯ ಮರದ ಹಲಗೆಯ ಮೇಲೆ ಹೆಂಗಸೊಬ್ಬರು ಬೋರಲು ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ದಪ್ಪ ದನಿ ಗುಡುಗಿಸುವ ಸಬ್‌ವೂಫರ್ ಬಾಕ್ಸಿನ ಹಿಂದಕ್ಕೆ ಕೈ ತೂರಿಸಿದ್ದಾರೆ. ಅಲ್ಲಿಂದ ಹೊರಟ ವೈರು ಆಂಪ್ಲಿಫೈಯರ್ ಸೇರುವ ತನಕ ಯಾರ ಜೊತೆಗೂ ಮಾತಿಲ್ಲ. ಊರವರಿಗೆ ಇವರು ವೈರಕ್ಕ.

ಸೌಂಡ್ ಸಿಸ್ಟಮ್ ಅಂಗಡಿ ಮೊದಲು ಗಂಡನದು. ಹನ್ನೊಂದು ವರ್ಷದ ಹಿಂದೆ ಅವರು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಅಂಗಡಿಗೆ ಬೀಗ ಹಾಕುವುದೇ ಸರಿ ಎಂದು ನೆಂಟರು ತೀರ್ಮಾನಿಸುವಷ್ಟರಲ್ಲಿ ಇವರು ಆಂಪ್ಲಿಫೈಯರನ್ನೇ ಗಂಡನ ಮಂಚದ ಪಕ್ಕ ತಂದಿಟ್ಟುಕೊಂಡರು. ಅವರು ಮಲಗಿದ್ದಲ್ಲಿಂದಲೇ ಹೇಳಿಕೊಟ್ಟರು, ಇವರು ಕಲಿತರು. ಮೊದಲ ಕೆಲಸವೇ ಎಡವಟ್ಟು: ತಾಳಲಾರದಷ್ಟು ಬಾಕ್ಸುಗಳನ್ನು ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿ, ತುಂಬಿದ ಸಭೆಯಲ್ಲಿ ಹೊಗೆ ಎಬ್ಬಿಸಿದರು.

“ಹೊಗೇನೂ ಕಾರ್ಯಕ್ರಮದ್ದೇ ಅಂದ್ಕೊಂಡು ಜನ ಚಪ್ಪಾಳೆ ತಟ್ಟಿದ್ರು. ನಾನು ಪರದೆ ಹಿಂದೆ ಅಳ್ತಾ ಇದ್ದೆ,” ಎಂದು ಈಗ ನಗುತ್ತಾರೆ.

ಅಂದಿನಿಂದ ಮೀಟರ್ ಹಿಡಿದು ಅಳೆಯದೆ ಸ್ವಿಚ್ ಹಾಕಿದವರಲ್ಲ. ದಿನಕ್ಕೆ ಎಂಟು ಬಾಕ್ಸು, ಮೂವತ್ತೆರಡು ವೈರಿನ ತುದಿ; ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತಾರೆ.

ಈ ಶಾಲೆಯ ಮಕ್ಕಳು ತಾಳ ಹಿಡಿಯುವುದು ಅಂಗಾಲಿನಿಂದ. ಸಬ್‌ವೂಫರ್ ಗುಡುಗಿ ಹಲಗೆ ನಡುಗಿದರೆ ಹೆಜ್ಜೆ ಸಿಗುತ್ತದೆ. ಆದರೆ ಯಾರೋ ಹೊಸ ಬಾಕ್ಸ್ ಕೂರಿಸಿ ಹೋದ ಮೇಲೆ, ನಡುವೆ ನಿಲ್ಲುವ ನಾಲ್ವರಿಗೆ ತಿಂಗಳಿಂದ ಹೆಜ್ಜೆ ತಪ್ಪುತ್ತಿದೆ. ಅಭ್ಯಾಸ ಸಾಲದೆಂದುಕೊಂಡ ನೃತ್ಯದ ಟೀಚರು ಇವತ್ತಿನ ಪ್ರದರ್ಶನದಿಂದ ಆ ನಾಲ್ವರನ್ನು ಕೈಬಿಟ್ಟಿದ್ದಾರೆ. ಆದರೂ ಮನಸ್ಸು ತಡೆಯದೆ ವೈರಕ್ಕನನ್ನು ಕರೆಸಿದ್ದಾರೆ.

ವೈರಕ್ಕ ಹಾಡು ಹಚ್ಚಿ, ಬರಿಗಾಲಲ್ಲಿ ವೇದಿಕೆಯ ನಡುವೆ ನಿಂತು ನೋಡುತ್ತಾರೆ. ಅಲ್ಲಿ ಹಲಗೆ ಅಲುಗುವುದೇ ಇಲ್ಲ. ಎರಡು ಬದಿಯ ಬಾಕ್ಸುಗಳಲ್ಲಿ ಒಂದರ ವೈರಿನ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ; ಒಂದು ಬಾಕ್ಸು ತಳ್ಳಿದ್ದನ್ನು ಇನ್ನೊಂದು ಎಳೆದುಕೊಂಡು, ನಡುವೆ ನಡುಕವೇ ಉಳಿಯುತ್ತಿಲ್ಲ.

“ಮಕ್ಕಳದೇನೂ ತಪ್ಪಿಲ್ಲ ಟೀಚರ್. ವೈರೇ ಉಲ್ಟಾ ಕೂತಿದೆ.”

ಟೀಚರು ಆ ನಾಲ್ವರ ಹೆಸರನ್ನು ಪ್ರದರ್ಶನದ ಪಟ್ಟಿಗೆ ಮತ್ತೆ ಸೇರಿಸುತ್ತಾರೆ.

ವೈರಕ್ಕ ವೈರನ್ನು ಸರಿಯಾಗಿ ಕೂರಿಸಿ ಮುಗಿಸಿದ ಮೇಲೆ, ಎಂಟಕ್ಕೆ ಮಕ್ಕಳು ಬರುತ್ತಾರೆ. ನಾಲ್ವರನ್ನೂ ನಡುವೆ ನಿಲ್ಲಿಸಿ ಸ್ವಿಚ್ ಹಾಕಿದ ಕೂಡಲೇ ಎಲ್ಲರಿಗಿಂತ ಚಿಕ್ಕವಳು ತನ್ನ ಪಾದಗಳನ್ನೇ ಬಗ್ಗಿ ನೋಡುತ್ತಾಳೆ. ಆಮೇಲೆ ಪಕ್ಕದವಳ ಕೈ ಹಿಡಿದು ಕುಣಿಯತೊಡಗುತ್ತಾಳೆ. ಟೀಚರು ಅವಳ ಮುಂದೆ ಮಂಡಿಯೂರಿ, ಕೈಸನ್ನೆಯಲ್ಲಿ ತಪ್ಪಾಯಿತು ಎನ್ನುತ್ತಾರೆ. ಅವಳಿಗೆ ಅದನ್ನು ನೋಡಲು ಪುರುಸೊತ್ತಿಲ್ಲ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ವೈರಕ್ಕ ವೈರು ಸುತ್ತುತ್ತಾ ಯೋಚಿಸುತ್ತಾರೆ.

“ಒಂದ್ಸಲ ನಮ್ಮ ಯಜಮಾನ್ರನ್ನೂ ಕರ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂತ್ಕೋಬೇಕು. ಯಾವಾಗ್ಲೂ ಆಂಪ್ಲಿಫೈಯರ್ ಹಿಂದೆ ಇರ್ತೀನಲ್ಲ, ಕುಣಿಯೋರ ಬೆನ್ನು ಮಾತ್ರ ಕಾಣ್ಸುತ್ತೆ.”