ಕತ್ತು ಓರೆ ಮಾಡಿದ ರೋಬೋಟ್

ನಮ್ಮ ಸೋದರಮಾವ ಇಪ್ಪತ್ತಾರು ವರ್ಷ ವೆಲ್ಡಿಂಗ್ ಮಾಡಿದವರು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕಾರ್ಖಾನೆಯವರು ಹತ್ತು ದಿನದ ರೋಬೋಟ್ ತರಬೇತಿಗೆ ನಮ್ಮಿಬ್ಬರನ್ನೂ ಕಳಿಸಿದಾಗ, "ಈ ವಯಸ್ಸಲ್ಲಿ ಕಬ್ಬಿಣದ ಕೈಗೆ ನಾನು ಅ ಆ ಇ ಈ ಕಲಿಸ್ಬೇಕಾ?" ಎಂದು ದಾರಿಯುದ್ದಕ್ಕೂ ಗೊಣಗಿದರು.

ಆರನೇ ದಿನದ ಪಾಠ ಸುಲಭವಾಗಿತ್ತು. ರೋಬೋಟಿನ ಕೈ ಹಿಡಿದು ಒಮ್ಮೆ ಬೆಸುಗೆಯ ದಾರಿ ತೋರಿಸಿದರೆ ಸಾಕು, ಅದು ಹಾಗೇ ಮಾಡುತ್ತದೆ. ಮಾವ ತೋರಿಸಿದರು, ನಾನು ಗುಂಡಿ ಒತ್ತಿದೆ. ರೋಬೋಟ್ ಬೆಸುಗೆ ಹಾಕಿತು. ಆಮೇಲೆ ಒಂದು ಗೇಣು ಹಿಂದೆ ಸರಿದು, ಕತ್ತು ಓರೆ ಮಾಡಿಕೊಂಡು ನಿಂತುಬಿಟ್ಟಿತು. ಥೇಟ್ ಮಾವ! ಬೆಸುಗೆ ಮುಗಿದೊಡನೆ ಹಾಗೆ ನೋಡುವುದು ಅವರ ಹಳೇ ಚಾಳಿ. ದಾರಿ ತೋರಿಸುವಾಗಲೂ ರೋಬೋಟಿನ ಕೈ ಬಿಡದೆಯೇ ಹಾಗೆ ನೋಡಿದ್ದರು, ಅದು ಅದನ್ನೂ ಕಲಿತುಬಿಟ್ಟಿತ್ತು. ನಮಗೆಲ್ಲ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಕಲಿಸುವ ಹುಡುಗಿ ನಗು ತಡೆದುಕೊಂಡು, "ಸರ್, ಕೊನೇದು ಅಳಿಸಿಬಿಡಿ. ಸುಮ್ನೆ ನಾಲ್ಕು ಸೆಕೆಂಡ್ ದಂಡ" ಎಂದಳು.

"ಕೆಲಸ ನೋಡ್ತಾ ಇದೆಯಲ್ಲಮ್ಮ!"

"ಅದಕ್ಕೆಲ್ಲಿ ಕಣ್ಣು, ಸರ್? ಬರೀ ನಟನೆ."

ಮಾವ ಸಿಡುಕುತ್ತಲೇ ಅಳಿಸಿದರು. ಈ ಸಲ ರೋಬೋಟ್ ಹೊಸ ತುಂಡಿಗೆ ಬೆಸುಗೆ ಹಾಕಿ ನೇರ ತನ್ನ ಜಾಗಕ್ಕೆ ಮರಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಮಾತ್ರ ಒಂದು ಗೇಣು ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿದರು. ಬೆಸುಗೆಯ ನಡುವಿದ್ದ ಸಾಸಿವೆ ಗಾತ್ರದ ತೂತಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹುಡುಗಿಯನ್ನು ಹತ್ತಿರ ಕರೆದರು.

"ಈಗ ಎಷ್ಟು ಸೆಕೆಂಡ್ ದಂಡ ಆಯ್ತಮ್ಮ?"