ಅಕ್ಕನ ಮೇಲ್, ನನ್ನ ಮೌನಿ ಸ್ಕ್ರಿಪ್ಟ್

ದೆಹಲಿಯಲ್ಲಿ ಓದುತ್ತಾ ಮುನಿರ್ಕಾದ ಬಾಡಿಗೆ ಕೋಣೆಯಲ್ಲಿದ್ದ ದಿನಗಳಲ್ಲಿ ನಾನು ಯಾರ ದನಿಯನ್ನೂ ಬಿಡುತ್ತಿರಲಿಲ್ಲ. ಮನೆ ಮಾಲೀಕರ ಕೆಮ್ಮು, ತರಕಾರಿ ಮಾರುವ ಭಯ್ಯಾನ ಕೂಗು, ಫೋನಿನಲ್ಲಿ ಅಮ್ಮನಿಗೆ ಸುಳ್ಳು ಹೇಳುವ ನನ್ನದೇ ದನಿ, ಎಲ್ಲವನ್ನೂ ಅಣಕಿಸುತ್ತಿದ್ದೆ. ಅದನ್ನೆಲ್ಲ ಕೇಳಲು ಹೆಚ್ಚಾಗಿ ಸಿಕ್ಕಿಬಿದ್ದವರು ನಾನು ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಗೆಳತಿ. ನಮ್ಮ ವಿಶ್ವವಿದ್ಯಾಲಯದಲ್ಲೇ ಪಿಎಚ್‌ಡಿ ಮುಗಿಸಿ, ಮದುವೆಯಾಗಿ ಗುರಗಾಂವ್‌ಗೆ ಹೋಗಿದ್ದ ಮೈಸೂರು ಕಡೆಯವರು.

ಕಾಲೇಜೊಂದರ ಅಧ್ಯಾಪಕಿ ಹುದ್ದೆಗೆ ಅರ್ಜಿ ಹಾಕುವಾಗ ಅವರು ವಿಶ್ವವಿದ್ಯಾಲಯದ ಇಮೇಲ್ ವಿಳಾಸವನ್ನೇ ಕೊಟ್ಟಿದ್ದರು. "ಪುಕ್ಕಟೆ ವಿಳಾಸ ಕೊಟ್ರೆ ಕಮಿಟಿಯೋರು ಮೂಗು ಮುರೀತಾರೆ ಕಣೋ." ಆದರೆ ಆ ಮೇಲ್ ಕ್ಯಾಂಪಸ್ಸಿನೊಳಗೆ ಮಾತ್ರ ತೆರೆಯುತ್ತಿತ್ತು. ಹಾಗಾಗಿ ಬಂದದ್ದನ್ನೆಲ್ಲ ಅವರ ಪುಕ್ಕಟೆ ವಿಳಾಸಕ್ಕೆ ತಾನಾಗಿ ದಾಟಿಸುವ ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದುಕೊಟ್ಟೆ.

ಮೂರು ವಾರವಾದರೂ ಸಂದರ್ಶನದ ಕರೆ ಬರಲಿಲ್ಲ. ಅಕ್ಕ ಫೋನ್ ಮಾಡಿದಾಗಲೆಲ್ಲ ನಾನು ಕ್ಯಾಂಪಸ್ಸಿನ ಲ್ಯಾಬಿನಿಂದ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ 'ಹಲೋ' ಎಂದೊಂದು ಮೇಲ್ ಹಾಕುತ್ತಿದ್ದೆ, ಅದು ಅವರಿಗೆ ತಲುಪುತ್ತಿತ್ತು. "ಸ್ಕ್ರಿಪ್ಟ್ ಸರಿಯಾಗಿದೆ ಅಕ್ಕಾ, ನಿಮ್ಮ ಕಮಿಟಿ ಮಲಗಿದೆ" ಎಂದು ಗೊರಕೆ ಹೊಡೆದು ತೋರಿಸುತ್ತಿದ್ದೆ. ನಗುತ್ತಿದ್ದರು. ಒಂದು ದಿನ ನಗಲಿಲ್ಲ. "ಇದೇ ಕೊನೇ ಅರ್ಜಿ. ನಂಗೂ ಸಾಕಾಗಿದೆ" ಎಂದರು.

ಅವತ್ತು ಮೊದಲ ಸಲ ಹೊರಗಿನ ವಿಳಾಸದಿಂದ ಮೇಲ್ ಹಾಕಿ ನೋಡಿದೆ. ತಲುಪಲಿಲ್ಲ. ತಲುಪಿಲ್ಲವೆಂಬ ದೂರೂ ಬರಲಿಲ್ಲ. ಬರುವುದಾದರೂ ಹೇಗೆ? ತಪ್ಪಿನ ವರದಿಗಳ ಕಿರಿಕಿರಿ ಬೇಡವೆಂದು ಅವನ್ನೆಲ್ಲ ಎಸೆದುಬಿಡುವ ಸಾಲು ಬರೆದವನೇ ನಾನು. ಹೊರಗಿನವರ ಹೆಸರಿನ ಮೇಲನ್ನು ಮತ್ತೆ ಹೊರಗೆ ಕಳಿಸಲು ನಮ್ಮ ಸರ್ವರ್ ಒಪ್ಪುತ್ತಿರಲಿಲ್ಲ. ಕ್ಯಾಂಪಸ್ಸಿನ ನನ್ನ 'ಹಲೋ'ಗಳಿಗೆ ಮಾತ್ರ ದಾರಿ ಬಿಡುತ್ತಿತ್ತು. ಬಾಯಿ ಮುಚ್ಚಲಾರದ ನಾನು ಬಾಯಿಯೇ ಬಿಡದ ಸ್ಕ್ರಿಪ್ಟ್ ಬರೆದಿದ್ದೆ.

ಅಕ್ಕ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ ಅವರ ವಿಶ್ವವಿದ್ಯಾಲಯದ ಮೇಲ್ ತೆರೆದರೆ, ಕರೆ ಹತ್ತು ದಿನದಿಂದ ಅಲ್ಲೇ ಕೂತಿತ್ತು. ಸಂದರ್ಶನ ಮರುದಿನ ಹನ್ನೊಂದಕ್ಕೆ.

ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ನನ್ನ ಸ್ವಂತ ದನಿಯಲ್ಲಿ.

"ಅಚ್ಛಾ. ಈಗ ನೀನೇ ಕಮಿಟಿ ಆಗು. ಪ್ರಶ್ನೆ ಕೇಳು."

ಮಾಲೀಕರ ಕೆಮ್ಮಿನಲ್ಲಿ ಅಧ್ಯಕ್ಷನಾದೆ, ತರಕಾರಿ ಭಯ್ಯಾನ ರಾಗದಲ್ಲಿ ವಿಷಯತಜ್ಞನಾದೆ. ಅಕ್ಕ ಒಂದಕ್ಕೂ ನಗದೆ ಉತ್ತರ ಕೊಟ್ಟರು.

ಮರುದಿನ ಮಧ್ಯಾಹ್ನ ಅವರದೇ ಫೋನ್. "ಅಲ್ಲೊಬ್ರು ಥೇಟ್ ನಿನ್ನ ಹಾಗೇ ಕೆಮ್ಮಿದ್ರು. ಆಮೇಲೆ ಹೆದರಿಕೆಯೇ ಆಗ್ಲಿಲ್ಲ."

"ಕೆಲಸ?"

"ಸಂಜೆಯೊಳಗೆ ತಿಳಿಸ್ತಾರಂತೆ." ಆಮೇಲೆ ಸೇರಿಸಿದರು, "ಮೇಲ್‌ನಲ್ಲಿ."

ಸ್ಕ್ರಿಪ್ಟನ್ನು ನಾನಿನ್ನೂ ತಿದ್ದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಲ್ಯಾಬಿಗೆ ಓಡಿದೆ.